ಬರ್ಗಂಡಿಯಲ್ಲಿ ಒಂದು ದಿನ: ವೈನ್ ರುಚಿ ನೋಡಲು ಹೊರಟವರಿಗೆ

"ಪ್ಯಾರಿಸ್ ಪ್ರವಾಸದಲ್ಲಿ ಒಂದು ದಿನ ಮಿಗುತ್ತೆ, ವೈನ್ ಸೀಮೆಗೆ ಹೋಗಿ ಬರಬಹುದಾ? ನಮಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ, ಮನೆಯವರು ಸಸ್ಯಾಹಾರಿ, ಫ್ರೆಂಚ್ ಅಂತೂ ಬರೋದೇ ಇಲ್ಲ." ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಪ್ರತಿಯೊಬ್ಬರಿಗೂ ಅರ್ಧರ್ಧ ಉತ್ತರ ಕೊಡುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಖಂಡಿತ ಹೋಗಿ ಬರಬಹುದು. ಆದರೆ ಬೆಳಿಗ್ಗೆ ಎದ್ದು ಸುಮ್ಮನೆ ಹೊರಟರೆ ಮುಚ್ಚಿದ ಗೇಟುಗಳನ್ನು ನೋಡಿಕೊಂಡು ವಾಪಸ್ ಬರುತ್ತೀರಿ.

ಫ್ರಾನ್ಸಿನಲ್ಲಿ ವೈನ್ ಸೀಮೆಗಳಿಗೆ ಬರವಿಲ್ಲ. ಬೋರ್ಡೋ, ಶಾಂಪೇನ್, ಅಲ್ಸಾಸ್, ರೋನ್ ಕಣಿವೆ, ಒಂದೊಂದಕ್ಕೂ ಅದರದ್ದೇ ಅಭಿಮಾನಿಗಳು. ಮೊದಲ ಸಲಕ್ಕೆ, ಅದೂ ಒಂದೇ ದಿನ ಕೈಯಲ್ಲಿದ್ದರೆ, ನನ್ನ ಮತ ಬರ್ಗಂಡಿಯ ಬೋನ್ ಪಟ್ಟಣಕ್ಕೆ. ಇಲ್ಲಿ ಕಾರಿಲ್ಲದೆ ಓಡಾಡಬಹುದು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಕಲಿಯುವುದು ಸುಲಭ. ಕೆಂಪು ವೈನ್ ಎಂದರೆ ಹೆಚ್ಚುಕಮ್ಮಿ ಪೀನೋ ನ್ವಾರ್ ಎಂಬ ಒಂದೇ ತಳಿಯ ದ್ರಾಕ್ಷಿಯದು, ಬಿಳಿ ಎಂದರೆ ಬಹುಪಾಲು ಶಾರ್ಡೊನೆ. ತಳಿ ಒಂದೇ ಆಗಿದ್ದೂ ರುಚಿ ಬದಲಾದರೆ ಅದು ಮಣ್ಣಿನಿಂದ, ಇಳಿಜಾರಿನಿಂದ, ಮಾಡಿದವರ ಕೈಯಿಂದ. ಹಾಗಾಗಿ ನಿಮ್ಮ ದಿನದ ಕೆಲಸ ಇಷ್ಟೇ: ಅಕ್ಕಪಕ್ಕದ ಎರಡು ಹಳ್ಳಿಗಳ ವೈನನ್ನು ಪಕ್ಕಪಕ್ಕ ಇಟ್ಟು ನೋಡುವುದು. ಆರು ಊರು, ಹತ್ತು ತೋಟ ಅಂತ ಪಟ್ಟಿ ಮಾಡಿಕೊಂಡು ಹೊರಟವರಿಗೆ ಸಂಜೆ ಹೊತ್ತಿಗೆ ನೆನಪಲ್ಲಿ ಉಳಿಯುವುದು ತಲೆನೋವು ಮಾತ್ರ.

1. ದಿನ ಗೊತ್ತುಮಾಡಿ

ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ದಿಜೋಂ ಊರಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಅಲ್ಲಿಂದ ಬೋನ್‌ಗೆ ಸ್ಥಳೀಯ ರೈಲಿನಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಆಗಬಹುದು. ಆದರೆ ಹಿಂದಿನ ರಾತ್ರಿಯೇ ದಿಜೋಂನಲ್ಲೋ ಬೋನ್‌ನಲ್ಲೋ ಉಳಿದರೆ ಆರಾಮ. ವೇಗದ ರೈಲಿನ ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ. ಸ್ಥಳೀಯ ರೈಲಿನ ಟಿಕೆಟನ್ನು ಅದೇ ದಿನ ತೆಗೆದರೂ ನಡೆಯುತ್ತದೆ.

ವಾರದ ದಿನ ಆರಿಸುವಾಗ ಹುಷಾರು. ಭಾನುವಾರ ಹಳ್ಳಿಯ ಸಣ್ಣ ತಯಾರಕರು ಬಹುತೇಕ ಬಾಗಿಲು ತೆಗೆಯುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಅರ್ಧ ಊರು ರಜೆಯ ಮೇಲಿರುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕೊಯ್ಲು. ತೋಟ ನೋಡಲು ಬಲು ಚೆಂದ, ಆದರೆ ಮಾಲೀಕರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಸಮಯ. ನಿಮ್ಮ ಜೊತೆ ಕೂತು ಮಾತಾಡುವವರು ಸಿಗುವುದು ಕಷ್ಟ. ನವೆಂಬರ್ ಮೂರನೇ ಭಾನುವಾರದ ಆಸುಪಾಸು ಬೋನ್‌ನಲ್ಲಿ ದೊಡ್ಡ ವೈನ್ ಹರಾಜು ನಡೆಯುತ್ತದೆ; ಆಗ ರೂಮು ಸಿಗುವುದೂ ಕಷ್ಟ, ಸಿಕ್ಕರೆ ದರ ಕೇಳಬೇಡಿ. ಮೇ, ಜೂನ್ ಅಥವಾ ಅಕ್ಟೋಬರ್‌ನ ಮಂಗಳವಾರದಿಂದ ಶುಕ್ರವಾರದೊಳಗಿನ ಒಂದು ದಿನ ಒಳ್ಳೆಯ ಆಯ್ಕೆ. ಶನಿವಾರ ಜನ ಜಾಸ್ತಿ, ಆದರೆ ಅವತ್ತು ಬೋನ್‌ನಲ್ಲಿ ಸಂತೆ ಇರುತ್ತದೆ. ಸಸ್ಯಾಹಾರಿಗಳಿಗೆ ಅದರಿಂದ ಅನುಕೂಲವಿದೆ, ಮುಂದೆ ಹೇಳುತ್ತೇನೆ.

2. ಮುಂಚೆಯೇ ಬರೆದು ಕೇಳಿ

ಹೆಚ್ಚು ಜನ ಎಡವುವುದು ಇಲ್ಲೇ. ಬರ್ಗಂಡಿಯಲ್ಲಿ ವೈನ್ ರುಚಿ ನೋಡಲು ಎರಡು ಬಗೆಯ ಜಾಗಗಳಿವೆ.

ಒಂದು, 'ಡೊಮೇನ್'. ತನ್ನದೇ ತೋಟದ ದ್ರಾಕ್ಷಿಯಿಂದ ತಾನೇ ವೈನ್ ಮಾಡುವ ಕುಟುಂಬ ಅಥವಾ ಸಂಸ್ಥೆ. ಬಹಳಷ್ಟು ಡೊಮೇನ್‌ಗಳು ಚಿಕ್ಕವು. ಮನೆಯ ಕೆಳಗೇ ನೆಲಮಾಳಿಗೆ, ಕೆಲಸಕ್ಕೆ ಗಂಡ-ಹೆಂಡತಿ, ಒಬ್ಬ ಮಗನೋ ಮಗಳೋ. ಇಲ್ಲಿ ಹೇಳದೆ ಹೋಗಿ ಗಂಟೆ ಒತ್ತಬೇಡಿ, ಅದು ಮನೆ. ಇನ್ನೊಂದು, 'ನೆಗೋಸಿಯಾಂ' ಎಂಬ ವ್ಯಾಪಾರಿ ಮನೆತನಗಳು. ಇವರು ಬೇರೆ ರೈತರಿಂದ ದ್ರಾಕ್ಷಿಯನ್ನೋ ವೈನನ್ನೋ ಕೊಂಡು, ತಮ್ಮಲ್ಲಿ ಮಾಗಿಸಿ, ತಮ್ಮ ಹೆಸರಲ್ಲಿ ಮಾರುತ್ತಾರೆ. ಹಲವರಿಗೆ ಸ್ವಂತ ತೋಟವೂ ಉಂಟು. ಬೋನ್ ಪಟ್ಟಣದ ಅಡಿಯಲ್ಲಿ ಇಂಥವರ ಹಳೇ ನೆಲಮಾಳಿಗೆಗಳು ಹರಡಿಕೊಂಡಿವೆ. ಪಾತ್ರಿಯಾರ್ಶ್ ಮನೆತನದ್ದೇ ಕಿಲೋಮೀಟರುಗಟ್ಟಲೆ ಉದ್ದ. ಇವುಗಳಲ್ಲಿ ಕೆಲವಕ್ಕೆ ಟಿಕೆಟ್ ಕೊಂಡು ನೇರವಾಗಿ ಹೋಗಬಹುದು, ಕೆಲವಕ್ಕೆ ಮುಂಗಡ ಕಾಯ್ದಿರಿಸಬೇಕು.

ದಿನಕ್ಕೆ ಬೆಳಿಗ್ಗೆ ಒಂದು ವ್ಯಾಪಾರಿ ಮನೆತನ, ಮಧ್ಯಾಹ್ನ ಎರಡು ಡೊಮೇನ್, ಇಷ್ಟು ಸಾಕು. ಡೊಮೇನ್‌ಗಳಿಗೆ ಮೂರು-ನಾಲ್ಕು ವಾರ ಮುಂಚೆ ಇಮೇಲ್ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ಸಾಕು. ಮೊದಲ ಒಂದು ಸಾಲು ಫ್ರೆಂಚ್ ಇದ್ದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ಪತ್ರದಲ್ಲಿ ದಿನಾಂಕ, ಗಂಟೆ, ಎಷ್ಟು ಜನ, ಯಾವ ಭಾಷೆ, ಮೊಬೈಲ್ ನಂಬರ್ ಇರಲಿ. "ಒಂದೆರಡು ಬಾಟಲಿ ಕೊಳ್ಳುವ ಇರಾದೆ ಇದೆ" ಎಂದು ಸೇರಿಸಿ. ವಿದೇಶಕ್ಕೆ ವಿಮಾನದಲ್ಲಿ ಹೋಗುವವರು ಪೆಟ್ಟಿಗೆಗಟ್ಟಲೆ ಕೊಳ್ಳಲಾರರು ಎಂದು ಅವರಿಗೂ ಗೊತ್ತು, ಆದರೂ ಈ ಮಾತು ಕೆಲಸ ಮಾಡುತ್ತದೆ. ಜಗದ್ವಿಖ್ಯಾತ ಹೆಸರುಗಳ ಹಿಂದೆ ಬೀಳಬೇಡಿ. ಅವರ ವೈನ್ ಹುಟ್ಟುವ ಮೊದಲೇ ಮಾರಾಟವಾಗಿರುತ್ತದೆ, ನಿಮ್ಮ ಪತ್ರಕ್ಕೆ ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಎರಡು ಭೇಟಿಗಳ ನಡುವೆ ಒಂದೂವರೆ ಗಂಟೆಯಾದರೂ ಬಿಡಿ. ಹತ್ತು ನಿಮಿಷ ತಡವಾಗುವಂತಿದ್ದರೂ ಫೋನ್ ಮಾಡಿ. ಮಧ್ಯಾಹ್ನ 12ರಿಂದ 2ರವರೆಗೆ ಯಾರೂ ಭೇಟಿ ಕೊಡುವುದಿಲ್ಲ. ಊಟದ ಹೊತ್ತು ಅಲ್ಲಿ ಊಟಕ್ಕೇ ಮೀಸಲು.

3. ಲೇಬಲ್ ಓದುವುದನ್ನು ಹೊರಡುವ ಮೊದಲೇ ಕಲಿಯಿರಿ

ಬರ್ಗಂಡಿ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಜಾಗದ ಹೆಸರು ಇರುತ್ತದೆ. ಜಾಗಗಳಿಗೆ ನಾಲ್ಕು ಮೆಟ್ಟಿಲು.

ಎಲ್ಲಕ್ಕಿಂತ ಕೆಳಗೆ 'ಬೂರ್ಗೋನ್' ಎಂದಷ್ಟೇ ಬರೆದ ಪ್ರಾದೇಶಿಕ ವೈನ್, ಒಟ್ಟು ಉತ್ಪಾದನೆಯ ಅರ್ಧದಷ್ಟು ಇದೇ. ಅದರ ಮೇಲೆ ಹಳ್ಳಿಯ ಹೆಸರು ಹೊತ್ತದ್ದು: ಪೊಮ್ಮಾರ್, ವೊಲ್ನೆ, ಮೆರ್ಸೋ. ಅದರ ಮೇಲೆ 'ಪ್ರೀಮಿಯೇ ಕ್ರೂ', ಅಂದರೆ ಹಳ್ಳಿಯೊಳಗಿನ ಆಯ್ದ ತಾಕುಗಳು. ಲೇಬಲ್ಲಿನಲ್ಲಿ ಹಳ್ಳಿಯ ಹೆಸರಿನ ಜೊತೆ ಸಾಮಾನ್ಯವಾಗಿ ತಾಕಿನ ಹೆಸರೂ ಇರುತ್ತದೆ. ತುದಿಯಲ್ಲಿ 'ಗ್ರಾಂ ಕ್ರೂ', ಇಡೀ ಬರ್ಗಂಡಿಯಲ್ಲಿ 33 ಮಾತ್ರ, ಉತ್ಪಾದನೆಯ ನೂರಕ್ಕೆ ಒಂದೆರಡು ಪಾಲು. ಹೀಗೆ ಹೆಸರು, ಎಲ್ಲೆ ಗುರುತಿಸಿದ ಪ್ರತಿ ತಾಕಿಗೂ ಇಲ್ಲಿ 'ಕ್ಲಿಮಾ' ಎನ್ನುತ್ತಾರೆ. ಅಂಥ 1,247 ಕ್ಲಿಮಾಗಳಿರುವ ಈ ಸೀಮೆಯನ್ನು ಯುನೆಸ್ಕೋ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಎರಡು ಬಲೆಗಳಿವೆ. ಒಂದು, ಜೋಡಿ ಹೆಸರು. ಜೆವ್ರೆ ಎಂಬ ಹಳ್ಳಿ 1847ರಲ್ಲಿ ತನ್ನ ಪ್ರಸಿದ್ಧ ತೋಟ ಶಾಂಬೆರ್ತಾಂ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡಿತು. ಹಾಗಾಗಿ 'ಜೆವ್ರೆ-ಶಾಂಬೆರ್ತಾಂ' ಎಂದರೆ ಹಳ್ಳಿ ಮಟ್ಟದ ವೈನ್, 'ಶಾಂಬೆರ್ತಾಂ' ಎಂದಷ್ಟೇ ಇದ್ದರೆ ಗ್ರಾಂ ಕ್ರೂ. ಪ್ಯುಲಿನಿ ಮತ್ತು ಶಸಾನ್ ಹಳ್ಳಿಗಳು ಮೋಂರಾಶೇ ಹೆಸರನ್ನು ಸೇರಿಸಿಕೊಂಡದ್ದೂ ಹೀಗೆಯೇ. ಹೆಸರು ಉದ್ದವಾದಷ್ಟೂ ದೊಡ್ಡ ವೈನ್ ಅಂದುಕೊಂಡರೆ ಕೆಟ್ಟಿರಿ.

ಇನ್ನೊಂದು, ತಾಕಿನ ಹೆಸರು ನೋಡಿ ಮಾಡಿದವರ ಹೆಸರು ನೋಡದಿರುವುದು. ಫ್ರೆಂಚ್ ಕ್ರಾಂತಿಯಲ್ಲಿ ಇಗರ್ಜಿಯ ಆಸ್ತಿ ಹರಾಜಾಯಿತು. ಆಮೇಲೆ ನೆಪೋಲಿಯನ್ ಕಾಲದ ಕಾನೂನು ಮಕ್ಕಳಿಗೆಲ್ಲ ಸಮಪಾಲು ಎಂದಿತು. ಪಾಲಾಗಿ ಪಾಲಾಗಿ ತೋಟಗಳು ಚೂರಾದವು. ಒಂದು ಕಾಲಕ್ಕೆ ಸಿಸ್ಟೆರ್ಸಿಯನ್ ಸನ್ಯಾಸಿಗಳ ಒಂದೇ ತೋಟವಾಗಿದ್ದ ಕ್ಲೋ ದ ವೂಜೋ, ಸುಮಾರು 50 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 125 ಎಕರೆಯಷ್ಟು, ಈಗ ಎಂಬತ್ತರಷ್ಟು ಮಾಲೀಕರ ಕೈಯಲ್ಲಿದೆ. ಒಂದೇ ಗೋಡೆಯೊಳಗಿನ, ಒಂದೇ ಹೆಸರಿನ ವೈನ್‌ಗಳಲ್ಲಿ ಒಂದು ಅದ್ಭುತ, ಇನ್ನೊಂದು ಸಾಧಾರಣ. ಪಿತ್ರಾರ್ಜಿತ ಜಮೀನಿನ ಪಾಲು ಪಟ್ಟಿ ಕಂಡ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಳ್ಳೆಯ ತಯಾರಕರ ಹಳ್ಳಿ ವೈನ್ ಬಹಳ ಸಲ ಉದಾಸೀನರ ಗ್ರಾಂ ಕ್ರೂಗಿಂತ ಚೆನ್ನಾಗಿರುತ್ತದೆ, ಕಾಸೂ ಉಳಿಯುತ್ತದೆ.

4. ಬೆಳಿಗ್ಗೆ ಬೋನ್ ಊರೊಳಗೆ

ಹೊಟ್ಟೆ ತುಂಬ ತಿಂಡಿ ತಿಂದೇ ಹೊರಡಿ. ಸೆಂಟು, ಅತ್ತರು, ಘಮಘಮಿಸುವ ತಲೆಗೆಣ್ಣೆ ಅವತ್ತು ಬೇಡ. ವೈನ್ ನೋಡುವುದರಲ್ಲಿ ಮುಕ್ಕಾಲು ಕೆಲಸ ಮೂಗಿನದು, ನಿಮ್ಮ ಅತ್ತರು ಪಕ್ಕದವರ ಲೋಟವನ್ನೂ ಕೆಡಿಸುತ್ತದೆ. ಏಲಕ್ಕಿ, ಪುದೀನ, ಚ್ಯೂಯಿಂಗ್ ಗಮ್ಮಿಗೂ ಇದೇ ಮಾತು. ಬೇಸಿಗೆಯಾದರೂ ಒಂದು ಸ್ವೆಟರ್ ಇಟ್ಟುಕೊಳ್ಳಿ. ಹೊರಗೆ ಮೂವತ್ತು ಡಿಗ್ರಿ ಇದ್ದಾಗಲೂ ನೆಲಮಾಳಿಗೆ ಹನ್ನೆರಡು-ಹದಿಮೂರರಲ್ಲಿರುತ್ತದೆ.

ಮೊದಲು ಒತೆಲ್-ದ್ಯೂ ನೋಡಿ. ಬಣ್ಣದ ಮೆರುಗು ಹೆಂಚುಗಳ ಚಾವಣಿಯ ಈ ಕಟ್ಟಡ ಅರಮನೆಯಂತೆ ಕಂಡರೂ ಬಡವರ ಆಸ್ಪತ್ರೆ. ಬರ್ಗಂಡಿಯ ಡ್ಯೂಕನ ಚಾನ್ಸಲರ್ ಆಗಿದ್ದ ನಿಕೊಲಾ ರೋಲಾಂ ಮತ್ತು ಪತ್ನಿ ಗಿಗೋನ್ ದ ಸಾಲಾಂ 1443ರಲ್ಲಿ ಸ್ಥಾಪಿಸಿದ್ದು. 1971ರವರೆಗೆ ಇಲ್ಲಿ ರೋಗಿಗಳು ಮಲಗುತ್ತಿದ್ದರು. ವೈನಿಗೂ ಇದಕ್ಕೂ ಏನು ನಂಟು ಅಂದರೆ, ಶತಮಾನಗಳಿಂದ ಭಕ್ತರು, ಉಳ್ಳವರು ಆಸ್ಪತ್ರೆಗೆ ದ್ರಾಕ್ಷಿ ತೋಟಗಳನ್ನು ದತ್ತಿ ಬಿಟ್ಟರು. ಈಗ ಸುಮಾರು 60 ಹೆಕ್ಟೇರ್ ಇದೆ. ಆ ತೋಟಗಳ ಹೊಸ ವೈನನ್ನು ಪೀಪಾಯಿ ಲೆಕ್ಕದಲ್ಲಿ ಮಾರುವುದೇ ನಾನು ಮೊದಲು ಹೇಳಿದ ನವೆಂಬರ್ ಹರಾಜು, 1859ರಿಂದ ನಡೆದುಬಂದದ್ದು. ಹಣ ಆ ಸಂಸ್ಥೆಯ ಈಗಿನ ಆಸ್ಪತ್ರೆಗೇ ಹೋಗುತ್ತದೆ. ಒಂದು ಗಂಟೆ ಇಲ್ಲಿ ಕಳೆದರೆ ಈ ಊರಿಗೆ ವೈನ್ ಏನು ಎಂಬುದು ಅರ್ಥವಾಗುತ್ತದೆ. ರೋಜಿಯರ್ ವಾನ್ ಡರ್ ವೇಡನ್ ಬರೆದ 'ಅಂತಿಮ ತೀರ್ಪು' ಚಿತ್ರವನ್ನು ತಪ್ಪಿಸಿಕೊಳ್ಳಬೇಡಿ.

ಅಲ್ಲಿಂದ ನಡೆದೇ ಹೋಗಬಹುದಾದ ಯಾವುದಾದರೂ ವ್ಯಾಪಾರಿ ಮನೆತನದ ನೆಲಮಾಳಿಗೆಗೆ ಹನ್ನೊಂದರ ಸುಮಾರಿಗೆ ಹೊಕ್ಕರೆ ಸರಿ. ಇಲ್ಲಿ ನಾಲ್ಕು ಮೆಟ್ಟಿಲುಗಳ ವೈನನ್ನೂ ಒಂದೇ ಕಡೆ ರುಚಿ ನೋಡಲು ಸಿಗುವಂಥ ಟಿಕೆಟ್ ಆರಿಸಿ. ಬೆಲೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಗ್ರಾಂ ಕ್ರೂ ಸೇರಿದರೆ ಏರುತ್ತದೆ.

5. ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಹನ್ನೆರಡೂವರೆ ಒಳಗೆ ಕೂತುಬಿಡಿ. ಒಂದೂವರೆ ದಾಟಿದರೆ ಅಡುಗೆಮನೆ ಮುಚ್ಚಿರುತ್ತದೆ, ಎಷ್ಟು ಕೇಳಿಕೊಂಡರೂ ಪ್ರಯೋಜನವಿಲ್ಲ.

ಬರ್ಗಂಡಿಯ ಹೆಸರಾಂತ ಅಡುಗೆ ಎಂದರೆ ಕೆಂಪು ವೈನಿನಲ್ಲಿ ಬೇಯಿಸಿದ ದನದ ಮಾಂಸ, ಬೆಳ್ಳುಳ್ಳಿ ಬೆಣ್ಣೆಯ ಬಸವನಹುಳು, ಹಂದಿಯ ಹ್ಯಾಮ್. ಮೊಟ್ಟೆ ತಿನ್ನುವವರು 'ಉಫ್ ಆಂ ಮೆರೆತ್' ಎಂಬ ವೈನ್ ಸಾರಿನ ಮೊಟ್ಟೆ ನೋಡಿ ಹಿಗ್ಗಬೇಡಿ, ಸಾರಿನಲ್ಲಿ ಹಂದಿಯ ತುಣುಕುಗಳಿರುತ್ತವೆ. ಮೇಕೆ ಚೀಸ್ ಸಲಾಡ್ ಮೇಲೂ ಎಷ್ಟೋ ಕಡೆ ಅದನ್ನು ಉದುರಿಸಿ ಕೊಡುತ್ತಾರೆ. "ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ" ಎಂದು ಹೇಳಿ: ಮಾಂಸ ಬೇಡ, ಮೀನು ಬೇಡ, ಹಂದಿ ತುಣುಕೂ ಬೇಡ. ಮೂರನೆಯದನ್ನು ಬಿಡಿಸಿ ಹೇಳದಿದ್ದರೆ ಬಂದೇ ಬರುತ್ತದೆ, ಅವರ ಲೆಕ್ಕದಲ್ಲಿ ಅದು ಒಗ್ಗರಣೆ. ಗೂಜೇರ್ ಎಂಬ ಚೀಸ್ ಉಬ್ಬು-ಬನ್ನು ವೈನಿನ ಜೊತೆ ಎಲ್ಲೆಡೆ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇದೆ. ಶನಿವಾರವಾದರೆ ಸಂತೆಯಲ್ಲಿ ಬ್ರೆಡ್, ಹಣ್ಣು, ಚೀಸ್ ಕೊಂಡು ಕೋಟೆ ಗೋಡೆಯ ಹತ್ತಿರ ಕೂತು ತಿನ್ನುವುದು ಎಲ್ಲಕ್ಕಿಂತ ಸಲೀಸು. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ಎಪ್ವಾಸ್, ಕೋಂತೆಯಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್.

ವೈನ್ ಸಸ್ಯಾಹಾರವೇ ಎಂದು ಕೇಳುವವರೂ ಇದ್ದಾರೆ, ನ್ಯಾಯವಾದ ಪ್ರಶ್ನೆ. ವೈನ್ ತಿಳಿಯಾಗಲೆಂದು ಕೆಲವರು ಅದಕ್ಕೆ ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜಿಲೆಟಿನ್ ಅಥವಾ ಮೀನಿನಿಂದ ತೆಗೆದ ಅಂಟು ಹಾಕಿ ಕದಡನ್ನು ಕೆಳಗಿಳಿಸುತ್ತಾರೆ. ಬರ್ಗಂಡಿಯ ಕೆಂಪು ವೈನಿಗೆ ಮೊಟ್ಟೆಯ ಬಿಳಿ ಹಳೇ ಪದ್ಧತಿ. ಈ ಕ್ರಮಕ್ಕೆ 'ಕೊಲಾಜ್' ಎನ್ನುತ್ತಾರೆ. "ಸಾಂ ಕೊಲಾಜ್?" ಎಂದು ಕೇಳಿ. ಈಗ ಏನನ್ನೂ ಹಾಕದೆ ಬಾಟಲಿಗೆ ತುಂಬುವವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಹೆಮ್ಮೆಯಿಂದ ಹೇಳುತ್ತಾರೆ.

6. ಮಧ್ಯಾಹ್ನ ಪೊಮ್ಮಾರ್, ವೊಲ್ನೆ

ಬೋನ್‌ನಿಂದ ದಕ್ಷಿಣಕ್ಕೆ ಸಾಂತೆನೆ ಊರಿನವರೆಗೆ ದ್ರಾಕ್ಷಿ ತೋಟಗಳ ನಡುವೆಯೇ ಇಪ್ಪತ್ತು ಕಿಲೋಮೀಟರ್ ಮೀರಿದ ಸೈಕಲ್ ದಾರಿ ಇದೆ. ಹೆಸರು 'ವ್ವಾ ದೆ ವೀನ್ಯ್'. ನೀವು ಅಷ್ಟೂ ತುಳಿಯಬೇಕಿಲ್ಲ. ಪೊಮ್ಮಾರ್ ಮೂರು ಕಿಲೋಮೀಟರ್, ಅದರಾಚೆ ಸ್ವಲ್ಪ ಏರಿದರೆ ವೊಲ್ನೆ. ಮೈಯಲ್ಲಿ ಕಸುವಿದ್ದರೆ ಮೆರ್ಸೋವರೆಗೆ ಹೋಗಬಹುದು. ಬೋನ್‌ನಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತದೆ, ಬ್ಯಾಟರಿ ಸೈಕಲ್ಲೂ ಸಿಗುತ್ತದೆ. ತುಳಿಯಲಾರದವರು ಬೋನ್‌ನಿಂದ ಹೊರಡುವ ಅರ್ಧ ದಿನದ ವ್ಯಾನ್ ಪ್ರವಾಸ ಕಾಯ್ದಿರಿಸಿ. ಟ್ಯಾಕ್ಸಿ ನೆಚ್ಚಿಕೊಂಡರೆ ವಾಪಸ್ ಬರುವುದಕ್ಕೂ ಮುಂಚೆಯೇ ಹೇಳಿಡಿ, ಹಳ್ಳಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲಲು ಆಟೋ ಇಲ್ಲ.

ಕಾರು ಓಡಿಸಿಕೊಂಡು ಬರುವವರಿಗೆ: ಫ್ರಾನ್ಸಿನಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯ, ಹೊಸ ಲೈಸೆನ್ಸಿನವರಿಗೆ 0.2. ಕುಡಿದು ಸೈಕಲ್ ತುಳಿಯುವುದೂ ಅಪರಾಧವೇ, ದಂಡ ಬೀಳುತ್ತದೆ. ಆದ್ದರಿಂದ ರುಚಿ ನೋಡಿದ ವೈನನ್ನು ನುಂಗದೆ ಉಗಿಯುವುದನ್ನು ಕಲಿಯಬೇಕು, ಮುಂದಿನ ಹಂತದಲ್ಲಿ ಅದೇ ವಿಷಯ.

ಪೊಮ್ಮಾರ್ ಮತ್ತು ವೊಲ್ನೆ ನಡುವಿನ ದಾರಿಯಲ್ಲಿ ಸೈಕಲ್ ನಿಲ್ಲಿಸಿ ಇಳಿಜಾರನ್ನು ಓದಿ. ತುದಿಯಲ್ಲಿ ಕಾಡು. ಅದರ ಕೆಳಗೆ ಬಿಳಿ ಸುಣ್ಣಕಲ್ಲು ಎದ್ದು ಕಾಣುವ ತೆಳು ಮಣ್ಣು. ನಡು ಇಳಿಜಾರಿನಲ್ಲಿ ಸುಣ್ಣ, ಜೇಡಿ ಹದವಾಗಿ ಬೆರೆತು, ನೀರು ನಿಲ್ಲದೆ ಬಸಿದು, ಬೆಳಗಿನ ಬಿಸಿಲು ನೇರ ಬೀಳುತ್ತದೆ. ಒಳ್ಳೆಯ ತಾಕುಗಳೆಲ್ಲ ಇಲ್ಲೇ. ಕೆಳಗೆ ಹೆದ್ದಾರಿ ಕಡೆಗೆ ಹೋದಂತೆ ಮಣ್ಣು ದಪ್ಪ, ಫಲವತ್ತು. ವೈನ್ ಮಾತ್ರ ಸಾಧಾರಣ. ಹೆದ್ದಾರಿ ದಾಟಿದರೆ ಬಹುಪಾಲು ಬರೀ 'ಬೂರ್ಗೋನ್'. ಗೊಬ್ಬರದ ಗದ್ದೆಗೆ ಬೆಲೆ ಜಾಸ್ತಿ ಅಂದುಕೊಂಡು ಬೆಳೆದ ನಮಗೆ ಇದು ತಲೆಕೆಳಗು ಲೆಕ್ಕ. ಬಳ್ಳಿಗಳು ಮೊಣಕಾಲಿನಿಂದ ಸೊಂಟದೆತ್ತರ, ಎಕರೆಗೆ ನಾಲ್ಕು ಸಾವಿರದಷ್ಟು ಒತ್ತೊತ್ತಾಗಿ. ವಿಜಯಪುರದ ಚಪ್ಪರದ ದ್ರಾಕ್ಷಿ ನೋಡಿದವರಿಗೆ ಮೊದಲು ಇದು ದ್ರಾಕ್ಷಿ ತೋಟವೇ ಅನಿಸುವುದಿಲ್ಲ. ಸಾಲಿನ ಎರಡೂ ಬದಿಗೆ ಗಾಲಿ ಇಟ್ಟು ಬಳ್ಳಿಯ ತಲೆ ಮೇಲೆ ಹಾದುಹೋಗುವ ಎತ್ತರದ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಸರಿಯಿರಿ. ಸಾಲಿನೊಳಗೆ ನುಗ್ಗಬೇಡಿ, ಹಣ್ಣು ಕೀಳಬೇಡಿ. ಔಷಧಿ ಹೊಡೆದಿರಬಹುದು, ಅದಲ್ಲದೆ ಅದು ಇನ್ನೊಬ್ಬರ ಬೆಳೆ.

ಪೊಮ್ಮಾರ್ ಹೆಸರಿನಲ್ಲಾಗಲಿ ವೊಲ್ನೆ ಹೆಸರಿನಲ್ಲಾಗಲಿ ಬರುವುದು ಕೆಂಪು ವೈನ್ ಮಾತ್ರ, ಎರಡೂ ಪೀನೋ ನ್ವಾರ್, ಎರಡರಲ್ಲೂ ಗ್ರಾಂ ಕ್ರೂ ಇಲ್ಲ. ಪೊಮ್ಮಾರ್‌ನ ಮಣ್ಣಿನಲ್ಲಿ ಜೇಡಿ ಹೆಚ್ಚು, ವೈನ್ ಗಟ್ಟಿ, ಒಗರು. ವೊಲ್ನೆಯದು ತೆಳು ಮಣ್ಣು, ವೈನ್ ನಯ, ಘಮ ಮುಂದು. ಮಧ್ಯಾಹ್ನಕ್ಕೆ ಎರಡು ಡೊಮೇನ್ ಎಂದು ಹೇಳಿದ್ದು ಈ ಕಾರಣಕ್ಕೆ, ಒಂದೊಂದು ಹಳ್ಳಿಯಲ್ಲೂ ಒಂದೊಂದು ಕಾಯ್ದಿರಿಸಿ. ಎರಡೂ ಹಳ್ಳಿಗಳಲ್ಲಿ ತಾಕುಗಳಿರುವ ಒಬ್ಬರೇ ತಯಾರಕರು ಸಿಕ್ಕರೆ ಇನ್ನೂ ಉತ್ತಮ, ಆಗ ಕೈ ಒಂದೇ, ಮಣ್ಣು ಮಾತ್ರ ಬೇರೆ.

7. ನೆಲಮಾಳಿಗೆಯಲ್ಲಿ

ಒಳಗೆ ಕಾಲಿಟ್ಟ ಕೂಡಲೇ "ಬೋಂಜೂರ್" ಹೇಳಿ. ಹೇಳದೆ ನೇರ ವಿಷಯಕ್ಕೆ ಬಂದರೆ ಅಲ್ಲಿ ಅದು ಒರಟುತನ. ಕಲ್ಲಿನ ಮೆಟ್ಟಿಲು ಇಳಿದರೆ ತಗ್ಗು ಕಮಾನು, ಗೋಡೆಗೆ ಕಪ್ಪು ಬೂಸು ಹಿಡಿದಿರುತ್ತದೆ. ಗಲೀಜು ಅಂದುಕೊಳ್ಳಬೇಡಿ, ತೇವ ಸರಿಯಾಗಿದೆ ಎಂಬುದರ ಗುರುತು. ಸಾಲಾಗಿ ಓಕ್ ಮರದ ಪೀಪಾಯಿಗಳು, ಒಂದೊಂದು 228 ಲೀಟರ್, ಅಂದರೆ ಸುಮಾರು 300 ಬಾಟಲಿ. ಮನೆಯವರು ಪೀಪಾಯಿಯ ಬೆಣೆ ತೆಗೆದು, ಉದ್ದನೆಯ ಗಾಜಿನ ಕೊಳವೆ ಇಳಿಬಿಟ್ಟು, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿ, ನಿಮ್ಮ ಲೋಟಕ್ಕೆ ಎರಡು ಗುಟುಕು ಬಿಡುತ್ತಾರೆ. ಇದು ಇನ್ನೂ ಮಾಗುತ್ತಿರುವ ವೈನ್, ಒರಟಾಗಿಯೇ ಇರುತ್ತದೆ. ಲೋಟದಲ್ಲಿ ಉಳಿದದ್ದನ್ನು ಚೆಲ್ಲುವ ಮುಂಚೆ ಕೇಳಿ. ಕೆಲವರು ಅದನ್ನು ಪೀಪಾಯಿಗೇ ವಾಪಸ್ ಸುರಿಯುತ್ತಾರೆ.

ರುಚಿ ನೋಡುವ ಕ್ರಮ ಹೀಗೆ. ಲೋಟದ ಕಾಂಡ ಹಿಡಿಯಿರಿ, ಬಟ್ಟಲನ್ನಲ್ಲ, ಕೈ ಬಿಸಿ ತಾಗಬಾರದು. ಬಿಳಿ ಕಾಗದದ ಎದುರು ಓರೆ ಮಾಡಿ ಬಣ್ಣ ನೋಡಿ. ಪೀನೋ ನ್ವಾರ್ ತೆಳು ಬಣ್ಣದ್ದೇ, ನೀರು ಬೆರೆಸಿದ್ದಲ್ಲ. ಅಲುಗಿಸದೆ ಒಮ್ಮೆ ಮೂಸಿ, ಸುತ್ತ ಅಲುಗಿಸಿ ಇನ್ನೊಮ್ಮೆ. ಚೆರ್ರಿ, ರಾಸ್‌ಬೆರ್ರಿ ಎಂದು ಬೇರೆಯವರು ಹೇಳಿದ್ದನ್ನು ಹುಡುಕಬೇಡಿ. ನಿಮಗೆ ನೇರಳೆಹಣ್ಣು, ಹುಣಸೆ, ಮಳೆ ಬಿದ್ದ ಮಣ್ಣು ಅನಿಸಿದರೆ ಅದನ್ನೇ ಬರೆದುಕೊಳ್ಳಿ. ಸಣ್ಣ ಗುಟುಕು ಬಾಯಿಗೆ ತೆಗೆದುಕೊಂಡು, ತುಟಿಯ ಸಂದಿನಲ್ಲಿ ಸ್ವಲ್ಪ ಗಾಳಿ ಎಳೆದು, ಬಾಯೆಲ್ಲ ಆಡಿಸಿ. ಮೂರು ವಿಷಯ ಗಮನಿಸಿ. ಹುಳಿ: ಬಾಯಲ್ಲಿ ನೀರೂರುತ್ತದೆಯೇ? ಒಗರು: ಅಡಿಕೆ ಜಗಿದಾಗ ವಸಡು ಬಿಗಿಯುತ್ತದಲ್ಲ, ಹಾಗೆ ಆಗುತ್ತಿದೆಯೇ? ಇದಕ್ಕೆ ಕಾರಣ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ಉಳಿಕೆ: ಉಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಉತ್ತಮ ವೈನಿನಲ್ಲಿ ಅದು ಬೇಗ ಹೋಗುವುದಿಲ್ಲ.

ಊರಲ್ಲಿ ಪೋರ್ಟ್ ವೈನ್ ಹೆಸರಿನಲ್ಲಿ ಮಾರುವ ಸಿಹಿ ವೈನಿಗೆ ಒಗ್ಗಿದ ನಾಲಿಗೆಗೆ ಇದು ಮೊದಲಿಗೆ ಹುಳಿ ಅನಿಸುವುದು ಸಹಜ. ಬರ್ಗಂಡಿ ವೈನ್ 'ಡ್ರೈ', ಅಂದರೆ ದ್ರಾಕ್ಷಿಯ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುದುಗಿ ಮುಗಿದದ್ದು. ಹೊರಡುವ ಮೊದಲು ನಂದಿ ಬೆಟ್ಟದ ಸುತ್ತಿನ ವೈನರಿಗಳಲ್ಲಿ ಒಮ್ಮೆ ರುಚಿ ನೋಡಿ ಹೋದರೆ ನಾಲಿಗೆಗೆ ಅಭ್ಯಾಸವಾಗುತ್ತದೆ.

ಇನ್ನು ಉಗಿಯುವುದು. ಸುಮ್ಮನೆ ಲೆಕ್ಕ ಹಾಕಿ: ಮೂರು ಕಡೆ, ಒಂದೊಂದು ಕಡೆ ಐದು ವೈನ್, ಒಂದೊಂದಕ್ಕೆ 40 ಮಿಲಿ. ಒಟ್ಟು 600 ಮಿಲಿ, ಮುಕ್ಕಾಲು ಬಾಟಲಿಗಿಂತ ಜಾಸ್ತಿ, ಅದೂ ನೂರಕ್ಕೆ 13ರಷ್ಟು ಮದ್ಯ. ನಾಚಿಕೆ ಬೇಡ, ವೃತ್ತಿಪರರೆಲ್ಲ ಉಗಿಯುವವರೇ. ಉಗಿಯುವ ಪಾತ್ರೆಗೆ 'ಕ್ರಾಶ್ವಾರ್' ಎನ್ನುತ್ತಾರೆ. ಜಲ್ಲಿ ಹಾಸಿದ ಹಳೇ ನೆಲಮಾಳಿಗೆಯಲ್ಲಿ ನೆಲಕ್ಕೇ ಉಗಿಯಿರಿ ಎಂದು ಅವರೇ ಹೇಳುವುದುಂಟು, ಹೇಳುವ ತನಕ ಕಾಯಿರಿ. ಹಿಂದಿನ ರಾತ್ರಿ ಬಚ್ಚಲಲ್ಲಿ ನೀರು ಬಾಯಿಗೆ ತುಂಬಿಕೊಂಡು ಅಭ್ಯಾಸ ಮಾಡಿ, ಬಿಳಿ ಅಂಗಿ ಉಳಿಯುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳಿಯೇ ಹೋಗಿ.

ಬರ್ಗಂಡಿಯ ಒಂದು ವಿಶೇಷ: ಬೇರೆಲ್ಲ ಕಡೆ ಬಿಳಿ ಮೊದಲು, ಕೆಂಪು ಆಮೇಲೆ. ಇಲ್ಲಿನ ಎಷ್ಟೋ ಡೊಮೇನ್‌ಗಳಲ್ಲಿ ಕೆಂಪು ಮೊದಲು. ಬಿಳಿಯ ಹುಳಿ ನಾಲಿಗೆ ಮೇಲಿದ್ದರೆ ಕೆಂಪಿನ ಒಗರು ಇನ್ನೂ ಒರಟಾಗುತ್ತದೆ ಎಂಬುದು ಅವರ ವಾದ. ತಪ್ಪು ಮಾಡುತ್ತಿದ್ದಾರೆ ಎಂದು ತಿದ್ದಲು ಹೋಗಬೇಡಿ.

8. ಕೊಳ್ಳುವುದು

ಟಿಕೆಟ್ ಕೊಟ್ಟು ಹೋದ ಕಡೆ ಕೊಳ್ಳಲೇಬೇಕೆಂದಿಲ್ಲ. ದುಡ್ಡು ಕೇಳದೆ ಒಂದು ಗಂಟೆ ನಿಮ್ಮ ಜೊತೆ ಕಳೆದ ಸಣ್ಣ ಡೊಮೇನ್‌ನಲ್ಲಿ ಎರಡು ಬಾಟಲಿಯಾದರೂ ಕೊಳ್ಳುವುದು ಮರ್ಯಾದೆ. ಚೌಕಾಸಿ ಅಲ್ಲಿ ನಡೆಯುವುದಿಲ್ಲ. ಚೀಸ್ ಜೊತೆ ಎಂಥ ವೈನೂ ಚೆನ್ನಾಗಿಯೇ ಅನಿಸುತ್ತದೆ, ಆದ್ದರಿಂದ ನಿರ್ಧಾರವನ್ನು ಬರೀ ಬಾಯಲ್ಲಿ ಮಾಡಿ. ಆ ಡೊಮೇನ್‌ನ ಸಾದಾ 'ಬೂರ್ಗೋನ್' ಕೇಳಲು ಸಂಕೋಚ ಬೇಡ: ಅದೇ ಕೈ, ಅದೇ ನಿಗಾ, ಬೆಲೆ ಹಳ್ಳಿ ವೈನಿನ ಅರ್ಧದಷ್ಟೋ ಅದಕ್ಕಿಂತ ಕಮ್ಮಿಯೋ. "ಇದನ್ನು ಯಾವಾಗ ಕುಡಿಯಬೇಕು?" ಎಂದು ಪ್ರತಿ ಬಾಟಲಿಗೂ ಕೇಳಿ ಬರೆದುಕೊಳ್ಳಿ. ಐದು ವರ್ಷ ಇಡಿ ಅಂದದ್ದನ್ನು ಬಿಟ್ಟುಬಿಡಿ, ನಮ್ಮ ಮನೆಗಳಲ್ಲಿ ಅದನ್ನು ಇಡುವ ತಂಪು ಜಾಗ ಇಲ್ಲ.

ಯುರೋಪಿನ ಒಕ್ಕೂಟದ ಹೊರಗೆ ವಾಸಿಸುವವರು ಒಂದೇ ಅಂಗಡಿಯಲ್ಲಿ 100 ಯೂರೋ ಮೀರಿ ಕೊಂಡರೆ 'ದೆತಾಕ್ಸ್', ಅಂದರೆ ತೆರಿಗೆ ವಾಪಸಾತಿಯ ಕಾಗದ ಕೇಳಬಹುದು. ಪಾಸ್‌ಪೋರ್ಟ್ ಬೇಕು. ಎಲ್ಲ ಸಣ್ಣ ಡೊಮೇನ್‌ಗಳಲ್ಲೂ ಈ ವ್ಯವಸ್ಥೆ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಲಗೇಜ್ ಒಪ್ಪಿಸುವ ಮೊದಲೇ ಆ ಕಾಗದವನ್ನು ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ. ಮರೆತು ಒಳಗೆ ಹೋದರೆ ಆ ದುಡ್ಡಿನ ಆಸೆ ಬಿಡಬೇಕು.

9. ಊರಿಗೆ ತರುವುದು

ಕೈಚೀಲದಲ್ಲಿ 100 ಮಿಲಿ ಮೀರಿದ ದ್ರವ ಬಿಡುವುದಿಲ್ಲ, ಬಾಟಲಿ ಲಗೇಜಿಗೇ ಹೋಗಬೇಕು. ಪ್ರತಿ ಬಾಟಲಿಗೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಪ್ಪ ಬಟ್ಟೆ, ಸೂಟ್‌ಕೇಸಿನ ನಟ್ಟನಡುವೆ; ಗಾಜು ಗಾಜಿಗೆ ತಾಗದಿರಲಿ. ಒಂದು ಬಾಟಲಿ ಒಂದೂವರೆ ಕಿಲೋ ಹತ್ತಿರ ತೂಗುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಭಾರತಕ್ಕೆ ಬರುವವರಿಗೆ ಸುಂಕವಿಲ್ಲದೆ ತಲೆಗೆ 2 ಲೀಟರ್ ಮದ್ಯ. 750 ಮಿಲಿ ಬಾಟಲಿ ಎರಡು ಸಲೀಸು, ಮೂರನೆಯದಕ್ಕೆ ಮಿತಿ ದಾಟುತ್ತದೆ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಮಾವನವರಿಗೆಂದು ಕೊಂಡ ವಿಸ್ಕಿಯೂ ಈ 2 ಲೀಟರಿನೊಳಗೇ ಸೇರುತ್ತದೆ. ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಪಾರ್ಸೆಲ್ ಮಾಡಿಸಿ ತರಿಸುವ ಯೋಚನೆ ಬಿಡಿ. ಸುಂಕ, ಅಬಕಾರಿ ಕಾಗದಪತ್ರ ಸೇರಿ ವೈನಿಗಿಂತ ಅದರ ಖರ್ಚೇ ಹೆಚ್ಚಾಗುತ್ತದೆ. ಲಂಡನ್ ಕಡೆಯ ಕನ್ನಡಿಗರಿಗೆ 18 ಲೀಟರ್ ವೈನ್‌ವರೆಗೆ ಸುಂಕವಿಲ್ಲ. ಅಮೆರಿಕದವರಿಗೆ ಸುಂಕರಹಿತ ಮಿತಿ ಒಂದೇ ಲೀಟರ್. ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಒಕ್ಕೂಟದ ದೇಶಗಳಿಂದ ರೈಲಿನಲ್ಲೋ ಕಾರಿನಲ್ಲೋ ಬಂದವರು ಸ್ವಂತ ಬಳಕೆಗೆಂದು ಡಿಕ್ಕಿ ತುಂಬಿಕೊಂಡು ಹೋದರೂ ಕೇಳುವವರಿಲ್ಲ.

ಮನೆಗೆ ಬಂದ ಮೇಲೆ ಬಾಟಲಿಯನ್ನು ಒಂದೆರಡು ವಾರ ಅಲುಗಿಸದೆ ಮಲಗಿಸಿಡಿ. ಅಡುಗೆಮನೆಯ ಷೆಲ್ಫ್ ಬೇಡ, ಒಲೆಯ ಶಾಖ ತಾಗುತ್ತದೆ. ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿ ಕೆಲವು ತಿಂಗಳಿಗೆ ಸಾಕು. ಕುಡಿಯುವ ದಿನ ಬಿಳಿ ವೈನನ್ನು ಹದಿನೈದು ನಿಮಿಷ ಮುಂಚೆ, ಕೆಂಪನ್ನು ಮುಕ್ಕಾಲು ಗಂಟೆ ಮುಂಚೆ ಹೊರಗಿಡಿ. ಪೊಮ್ಮಾರ್ ಒಂದು, ವೊಲ್ನೆ ಒಂದು ತಂದಿದ್ದರೆ ಎರಡನ್ನೂ ಅವತ್ತೇ ತೆಗೆಯಿರಿ, ನಾಲ್ಕೈದು ಜನ ಸೇರಿದಾಗ.